ಹೊಸ ಪ್ರಾಜೆಕ್ಟ್‌ಗೆ ವೆಬ್ ಫ್ರೇಮ್‌ವರ್ಕ್ ಆರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಸುತ್ತಿ ಬಳಸದೆ ಹೇಳಿ, ಯಾವುದನ್ನು ಹಿಡಿಯಲಿ?

ವೆಬ್ ಫ್ರೇಮ್‌ವರ್ಕ್ ಎಂದರೆ ವೆಬ್ ಆ್ಯಪ್‌ಗಳಿಗೆ ಪದೇ ಪದೇ ಬೇಕಾಗುವ ಭಾಗಗಳ ತಯಾರಾದ ಕೋಡ್. ಲಾಗಿನ್, ಫಾರ್ಮ್, ಪಟ್ಟಿ, ವರದಿ, ಇಮೇಲ್. ಪ್ರಾಜೆಕ್ಟಿನ ಬಹುಪಾಲು ಇಷ್ಟೇ ಆಗಿದ್ದರೆ ಜಾಂಗೋ, ರೈಲ್ಸ್, ಲಾರಾವೆಲ್ ಈ ಮೂರರಲ್ಲಿ ಒಂದು. ತಂಡಕ್ಕೆ ಪೈಥಾನ್ ಬಂದರೆ ಜಾಂಗೋ, ರೂಬಿ ಬಂದರೆ ರೈಲ್ಸ್, ಪಿಎಚ್‌ಪಿ ಬಂದರೆ ಲಾರಾವೆಲ್. ಜಾವಾ ಬಲ್ಲವರೇ ತುಂಬಿರುವ ಕಡೆ ಸ್ಪ್ರಿಂಗ್ ಬೂಟ್, ಸಿ ಶಾರ್ಪ್ ಇದ್ದರೆ ಎಎಸ್‌ಪಿ ಡಾಟ್ ನೆಟ್ ಕೋರ್. ಈ ಐದರಲ್ಲಿ ಯಾವುದನ್ನು ಹಿಡಿದ ಪ್ರಾಜೆಕ್ಟ್ ಮುಳುಗಿದರೂ ಕಾರಣ ಸಾಮಾನ್ಯವಾಗಿ ಬೇರೆ ಎಲ್ಲೋ ಇರುತ್ತದೆ.

ಫ್ರೇಮ್‌ವರ್ಕ್ ಆರಿಸುವಾಗ ನಿಜವಾಗಿ ತೀರ್ಮಾನವಾಗುವುದು, ಯಾವ ಕೋಡನ್ನು ನಾವು ಬರೆಯದೇ ಬಿಡುತ್ತೇವೆ ಎಂಬುದು. ಕೆಳಗಿನ ಉತ್ತರಗಳನ್ನೆಲ್ಲ ಆ ಕಣ್ಣಿನಿಂದ ಓದಿ.

ಫ್ರೇಮ್‌ವರ್ಕ್ ಬೇಕೇ ಬೇಕಾ?

ಹತ್ತಿಪ್ಪತ್ತು ಪುಟ, ತಿಂಗಳಿಗೊಮ್ಮೆ ಬದಲಾಗುವ ಬರಹ, ಒಂದು ಸಂಪರ್ಕ ಫಾರ್ಮ್ ಇಷ್ಟೇ ಆದರೆ ಬೇಡ. ಹ್ಯೂಗೋ ಅಥವಾ ಆಸ್ಟ್ರೋದಲ್ಲಿ ಎಚ್‌ಟಿಎಂಎಲ್ ಕಡತಗಳನ್ನು ತಯಾರಿಸಿ ಸರ್ವರಿಗೆ ಹಾಕಿದರೆ ಮುಗಿಯಿತು. ಡೇಟಾಬೇಸ್ ಇಲ್ಲದ ಕಡೆ ಡೇಟಾಬೇಸಿನ ತೊಂದರೆಯೂ ಇಲ್ಲ.

ಎಲ್ಲವೂ ಒಳಗೇ ಇರುವ ದೊಡ್ಡ ಫ್ರೇಮ್‌ವರ್ಕ್ ಒಳ್ಳೆಯದೋ, ಎಕ್ಸ್‌ಪ್ರೆಸ್ ಅಥವಾ ಫ್ಲಾಸ್ಕ್‌ನಂಥ ಚಿಕ್ಕದೋ?

ಚಿಕ್ಕದರಲ್ಲಿ ಮೊದಲ ಗಂಟೆ ಬಹಳ ಹಿತವಾಗಿರುತ್ತದೆ. ಹತ್ತು ಸಾಲು ಬರೆದರೆ ಸರ್ವರ್ ಎದ್ದು ನಿಲ್ಲುತ್ತದೆ. ಖರ್ಚು ಎರಡನೇ ತಿಂಗಳಲ್ಲಿ ಗೊತ್ತಾಗುತ್ತದೆ. ಪಾಸ್‌ವರ್ಡ್ ಹ್ಯಾಶ್ ಮಾಡುವುದು (ಮರಳಿ ಓದಲಾಗದಂತೆ ಬದಲಿಸಿ ಇಡುವುದು), ಪಾಸ್‌ವರ್ಡ್ ಮರೆತವರಿಗೆ ಅವಧಿ ಮುಗಿಯುವ ಲಿಂಕ್ ಕಳಿಸುವುದು, ಸಿಎಸ್‌ಆರ್‌ಎಫ್ (ಬೇರೆ ಸೈಟೊಂದು ಬಳಕೆದಾರರ ಹೆಸರಲ್ಲಿ ಕಳ್ಳ ರಿಕ್ವೆಸ್ಟ್ ಕಳಿಸುವ ದಾಳಿ) ತಡೆ, ಟೇಬಲ್ ರಚನೆಯನ್ನು ಹಂತ ಹಂತವಾಗಿ ಬದಲಿಸುವ ಮೈಗ್ರೇಶನ್, ಹಿನ್ನೆಲೆ ಕೆಲಸಗಳ ಸಾಲು, ಕಚೇರಿಯವರು ದಾಖಲೆ ತಿದ್ದಲು ಒಂದು ಅಡ್ಮಿನ್ ಪರದೆ. ಇವು ಪ್ರತಿಯೊಂದಕ್ಕೂ ಒಂದೊಂದು ಪ್ಯಾಕೇಜ್ ಹುಡುಕಿ, ಒಂದರ ಜೊತೆ ಇನ್ನೊಂದನ್ನು ಹೊಂದಿಸಿ, ಮುಂದೆ ಎಲ್ಲವನ್ನೂ ಒಟ್ಟಿಗೆ ಅಪ್‌ಗ್ರೇಡ್ ಮಾಡುವ ಹೊಣೆ ನಿಮ್ಮದು. ಕೊನೆಗೆ ತಯಾರಾಗುವುದು ಕೈಪಿಡಿ ಇಲ್ಲದ, ನಿಮ್ಮ ತಂಡದವರಿಗೆ ಮಾತ್ರ ಗೊತ್ತಿರುವ ಒಂದು ಜಾಂಗೋ.

ಜಾಂಗೋದಲ್ಲಿ ಲಾಗಿನ್, ಮೈಗ್ರೇಶನ್, ಅಡ್ಮಿನ್ ಮೂರೂ ಮೊದಲ ದಿನದಿಂದಲೇ ಸಿಗುತ್ತವೆ. ಹಿನ್ನೆಲೆ ಕೆಲಸಗಳಿಗೆ ಮಾತ್ರ ಸಾಮಾನ್ಯವಾಗಿ ಸೆಲೆರಿ ಎಂಬ ಪ್ಯಾಕೇಜನ್ನು ಹೊರಗಿನಿಂದ ತಂದು ಜೋಡಿಸುತ್ತಾರೆ. ಲಾರಾವೆಲ್‌ನಲ್ಲಿ ಈ ಕೆಲಸಗಳ ಸಾಲು (ಕ್ಯೂ) ಒಳಗೇ ಇದೆ. ರೈಲ್ಸ್ 8ರಲ್ಲಿ ಸಾಲಿಡ್ ಕ್ಯೂ ತಾನಾಗಿಯೇ ಬರುತ್ತದೆ, ರೆಡಿಸ್ ಎಂಬ ಪ್ರತ್ಯೇಕ ಡೇಟಾ ಸರ್ವರ್ ಇಲ್ಲದೆ ಡೇಟಾಬೇಸಿನಲ್ಲೇ ನಡೆಯುತ್ತದೆ. ಆದರೆ ಜಾಂಗೋದ ಅಡ್ಮಿನ್‌ಗೆ ಸಮನಾದದ್ದು ಈ ಎರಡರ ಮೂಲ ಪ್ಯಾಕೇಜಿನಲ್ಲಿ ಇಲ್ಲ. ಒಳಗಿನ ಬಳಕೆದಾರರೇ ಹೆಚ್ಚಿರುವ ಪ್ರಾಜೆಕ್ಟಿಗೆ ಈ ಒಂದು ವ್ಯತ್ಯಾಸವೇ ತಕ್ಕಡಿ ವಾಲಿಸಬಹುದು.

ಚಿಕ್ಕ ಫ್ರೇಮ್‌ವರ್ಕ್‌ಗೂ ಜಾಗ ಇದೆ. ಬೇರೊಂದು ವ್ಯವಸ್ಥೆಯಿಂದ ವೆಬ್‌ಹುಕ್ (ಏನಾದರೂ ಆದಾಗ ಅದು ತಾನಾಗಿ ಕಳಿಸುವ ಸೂಚನೆ) ಪಡೆದು ಮುಂದಕ್ಕೆ ದಾಟಿಸುವ ಸೇವೆ, ಮಷಿನ್ ಲರ್ನಿಂಗ್ ಮಾದರಿಯ ಮುಂದೆ ನಿಲ್ಲಿಸುವ ಎಪಿಐ (ಬೇರೆ ಪ್ರೋಗ್ರಾಂಗಳು ಕೇಳಿ ಉತ್ತರ ಪಡೆಯುವ ಬಾಗಿಲು) ಇಂಥವಕ್ಕೆ ಫಾಸ್ಟ್‌ಎಪಿಐ, ಫ್ಲಾಸ್ಕ್, ಎಕ್ಸ್‌ಪ್ರೆಸ್ ಸಾಕು. ಎಕ್ಸ್‌ಪ್ರೆಸ್ ಹಿಡಿದರೆ 5ನೇ ಆವೃತ್ತಿಯನ್ನೇ ಹಿಡಿಯಿರಿ. 4ರಲ್ಲಿ ಅಸಿಂಕ್ ಹ್ಯಾಂಡ್ಲರ್ (ಕಾಯುವ ಹೊತ್ತಿನಲ್ಲಿ ಬೇರೆ ಕೆಲಸಕ್ಕೆ ಜಾಗ ಬಿಡುವ ಕೋಡ್) ಒಳಗೆ ಎದ್ದ ದೋಷ ತಾನಾಗಿ ಎರರ್ ಹ್ಯಾಂಡ್ಲರಿಗೆ ಹೋಗುವುದಿಲ್ಲ. ಟ್ರೈ–ಕ್ಯಾಚ್ ಮರೆತ ಕಡೆ ಉತ್ತರವೇ ಬಾರದೆ ಬ್ರೌಸರ್ ಸುತ್ತುತ್ತಲೇ ಇರುತ್ತದೆ, ಇಲ್ಲವೇ ಸರ್ವರೇ ಬೀಳುತ್ತದೆ. 2024ರಲ್ಲಿ ಬಂದ 5ರಲ್ಲಿ ಇದು ಸರಿಹೋಗಿದೆ. ನೆಟ್‌ನಲ್ಲಿರುವ ಪಾಠಗಳಲ್ಲಿ ಹಲವು ಇನ್ನೂ 4ರವೇ.

ರಿಯಾಕ್ಟ್ ಬೇಕು ಎಂದು ಎಲ್ಲರೂ ಹೇಳುತ್ತಾರೆ. ಮುಂಭಾಗವನ್ನು (ಬ್ರೌಸರಿನಲ್ಲಿ ಓಡುವ ಭಾಗ) ಪ್ರತ್ಯೇಕ ಮಾಡಲೇಬೇಕೇ?

ಮೊದಲು ಪರದೆಗಳ ಪಟ್ಟಿ ಮಾಡಿ. ಪ್ರತಿಯೊಂದರ ಮುಂದೆ ಒಂದು ಪ್ರಶ್ನೆ: ಇಲ್ಲಿ ಬಳಕೆದಾರರು ಒಂದೇ ಪುಟದಲ್ಲಿ ನಿಂತು ಹತ್ತಾರು ಸಲ ಏನನ್ನಾದರೂ ಎಳೆದು, ಬಿಟ್ಟು, ತಿದ್ದಿ ಮಾಡುತ್ತಾರಾ? ನಕ್ಷೆ, ಚಿತ್ರ ಸಂಪಾದನೆ, ಸ್ಪ್ರೆಡ್‌ಶೀಟಿನಂಥ ಕೋಷ್ಟಕ, ಚಾಟ್ ಇದ್ದರೆ ಹೌದು. ಆಗ ರಿಯಾಕ್ಟ್, ವ್ಯೂ, ಸ್ವೆಲ್ಟ್ ಯಾವುದಾದರೂ ಬೇಕು. ಪಟ್ಟಿ ನೋಡಿ, ಫಾರ್ಮ್ ತುಂಬಿ, ಸಲ್ಲಿಸಿ ಹೋಗುವ ಪರದೆಗಳೇ ಹೆಚ್ಚಿದ್ದರೆ ಸರ್ವರಿನಲ್ಲೇ ಪುಟ ತಯಾರಿಸುವ ಟೆಂಪ್ಲೇಟೇ ಸಾಕು. ಪುಟ ಪೂರ್ತಿ ರೀಲೋಡ್ ಆಗದೆ ಒಂದು ಭಾಗ ಮಾತ್ರ ಬದಲಾಗಬೇಕು ಎಂದಿದ್ದರೆ ಎಚ್‌ಟಿಎಂಎಕ್ಸ್, ರೈಲ್ಸ್‌ನಲ್ಲಿ ಹಾಟ್‌ವೈರ್, ಲಾರಾವೆಲ್‌ನಲ್ಲಿ ಲೈವ್‌ವೈರ್ ಆ ಕೆಲಸ ಮಾಡುತ್ತವೆ.

ಮುಂಭಾಗ, ಹಿಂಭಾಗ ಬೇರೆ ಮಾಡಿದಾಗ ಹೆಚ್ಚುವ ಕೆಲಸವನ್ನು ಒಂದು ಫಾರ್ಮ್ ಹಿಡಿದು ನೋಡಿ. ‘ಮುಕ್ತಾಯ ದಿನಾಂಕ ಆರಂಭ ದಿನಾಂಕಕ್ಕಿಂತ ಹಿಂದಿರಬಾರದು’ ಎಂಬ ನಿಯಮವನ್ನು ಬ್ರೌಸರಿನಲ್ಲಿ ಒಮ್ಮೆ, ಸರ್ವರಿನಲ್ಲಿ ಒಮ್ಮೆ ಬರೆಯಬೇಕು. ಬ್ರೌಸರಿನ ತಪಾಸಣೆಯನ್ನು ಯಾರು ಬೇಕಾದರೂ ದಾಟಿ ಬರಬಹುದು, ಹಾಗಾಗಿ ಸರ್ವರಿನದನ್ನು ಬಿಡುವಂತಿಲ್ಲ. ಸರ್ವರ್ ಕಳಿಸಿದ ದೋಷದ ಸಂದೇಶ ಸರಿಯಾದ ಫೀಲ್ಡಿನ ಕೆಳಗೆ ಕಾಣಬೇಕು, ಅದಕ್ಕೊಂದು ಒಪ್ಪಂದ. ಎರಡು ಡೊಮೇನ್ ಆದರೆ ಕೋರ್ಸ್ ಸೆಟ್ಟಿಂಗ್ (ಸಿಒಆರ್‌ಎಸ್, ಒಂದು ಡೊಮೇನಿನ ಪುಟಕ್ಕೆ ಇನ್ನೊಂದರ ಉತ್ತರ ಓದಲು ಅನುಮತಿ), ಕುಕಿಯ ಸೇಮ್‌ಸೈಟ್ ಗುಣ (ಬೇರೆ ಸೈಟಿನಿಂದ ಬಂದ ರಿಕ್ವೆಸ್ಟ್ ಜೊತೆ ಕುಕಿ ಹೋಗಬೇಕೇ ಎಂಬುದು), ಎರಡು ಕಡೆ ಡಿಪ್ಲಾಯ್. ಹೊಸ ಎಪಿಐ ಬಂದು ಹಳೆ ಮುಂಭಾಗ ಇನ್ನೂ ಯಾರದೋ ಟ್ಯಾಬಿನಲ್ಲಿ ತೆರೆದೇ ಇರುತ್ತದೆ, ಅದಕ್ಕೂ ಉತ್ತರ ಬೇಕು. ಮೊಬೈಲ್ ಆ್ಯಪ್ ಕೂಡ ಅದೇ ಎಪಿಐ ಬಳಸುವುದಾದರೆ ಈ ಖರ್ಚು ವಸೂಲಾಗುತ್ತದೆ. ಇಬ್ಬರು ಮೂವರ ತಂಡ, ಬರೀ ವೆಬ್ ಎಂದಾದರೆ ಆಗುವುದಿಲ್ಲ.

ಸರಿ, ನಮಗೆ ನಿಜವಾಗಿಯೂ ಬೇಕು. ರಿಯಾಕ್ಟ್, ವ್ಯೂ, ಆ್ಯಂಗ್ಯುಲರ್, ಸ್ವೆಲ್ಟ್ ನಾಲ್ಕರಲ್ಲಿ?

ಕೆಲಸಕ್ಕೆ ಜನ ಸುಲಭವಾಗಿ ಸಿಗಬೇಕು, ತಯಾರಾದ ಕಾಂಪೊನೆಂಟುಗಳು ಬೇಕು ಎಂದರೆ ರಿಯಾಕ್ಟ್. ಅದು ಬರೀ ಪರದೆ ಕಟ್ಟುವ ಲೈಬ್ರರಿ ಎಂಬುದು ನೆನಪಿರಲಿ. ರೂಟಿಂಗ್, ಡೇಟಾ ತರಿಸುವುದು, ಫಾರ್ಮ್ ಎಲ್ಲಕ್ಕೂ ಬೇರೆ ಆಯ್ಕೆ ಮಾಡಬೇಕು. ‘ಕ್ರಿಯೇಟ್ ರಿಯಾಕ್ಟ್ ಆ್ಯಪ್’ ಬಳಸಿ ಎಂದು ಯಾವ ಪಾಠವಾದರೂ ಹೇಳಿದರೆ ಅದನ್ನು ಮುಚ್ಚಿಡಿ. ಫೆಬ್ರವರಿ 2025ರಲ್ಲೇ ಅದನ್ನು ಕೈಬಿಟ್ಟಿದ್ದಾರೆ. ಲಾಗಿನ್ ಹಿಂದಿರುವ ಆ್ಯಪ್‌ಗೆ ವೀಟ್ ಎಂಬ ಬಿಲ್ಡ್ ಉಪಕರಣ ಸಾಕು. ಸರ್ಚ್ ಎಂಜಿನ್‌ಗೆ ಕಾಣಬೇಕಾದ ಪುಟಗಳಿದ್ದರೆ ನೆಕ್ಸ್ಟ್ ಡಾಟ್ ಜೆಎಸ್ ಅಥವಾ ರಿಯಾಕ್ಟ್ ರೂಟರ್.

ದೊಡ್ಡ ತಂಡ, ಎಲ್ಲರೂ ಒಂದೇ ಕ್ರಮದಲ್ಲಿ ಬರೆಯಬೇಕು ಎಂದಾದರೆ ಆ್ಯಂಗ್ಯುಲರ್. ಎಚ್‌ಟಿಎಂಎಲ್ ಚೆನ್ನಾಗಿ ಬರುವ, ಜಾವಾಸ್ಕ್ರಿಪ್ಟ್ ಈಗೀಗ ಕಲಿಯುತ್ತಿರುವವರು ವ್ಯೂನಲ್ಲಿ ಬೇಗ ಕೈ ಪಳಗಿಸಿಕೊಳ್ಳುತ್ತಾರೆ. ಸ್ವೆಲ್ಟ್‌ನ ಕೋಡ್ ಚಿಕ್ಕದು, ಓದಲು ಚೆಂದ. ತಯಾರು ಸಾಮಗ್ರಿ ರಿಯಾಕ್ಟ್‌ನಷ್ಟಿಲ್ಲ.

ಬೆಂಚ್‌ಮಾರ್ಕ್ ಪಟ್ಟಿಯಲ್ಲಿ ಮೇಲಿರುವುದನ್ನು ತೆಗೆದುಕೊಂಡರೆ ಸೈಟ್ ವೇಗವಾಗುವುದಿಲ್ಲವೇ?

ಬಹುಮಟ್ಟಿಗೆ ಇಲ್ಲ. ಆ ಪಟ್ಟಿಗಳು ಅಳೆಯುವುದು ಚಿಕ್ಕ ಜೇಸನ್ ಉತ್ತರ, ಒಂದೆರಡು ಸರಳ ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಇಂಥವನ್ನು. ನಿಮ್ಮ ಪುಟ ನಿಧಾನವಾಗುವುದು ಬೇರೆ ಕಡೆ. ತೀರಾ ಸಾಮಾನ್ಯವಾದ ಒಂದನ್ನು ಹತ್ತಿರದಿಂದ ನೋಡೋಣ.

ಆರ್ಡರ್ ಪಟ್ಟಿಯ ಒಂದು ಪುಟದಲ್ಲಿ 50 ಸಾಲು, ಪ್ರತಿ ಸಾಲಿನಲ್ಲಿ ಗ್ರಾಹಕರ ಹೆಸರು. ಟೆಂಪ್ಲೇಟಿನಲ್ಲಿ ಲೂಪ್ ಹಾಕಿ ‘ಆರ್ಡರ್ ಡಾಟ್ ಗ್ರಾಹಕ ಡಾಟ್ ಹೆಸರು’ ಎಂದು ಬರೆಯುತ್ತೀರಿ. ಒಆರ್‌ಎಂ (ನಿಮ್ಮ ಕೋಡನ್ನು ಡೇಟಾಬೇಸ್ ಕ್ವೆರಿಯಾಗಿ ಬದಲಿಸುವ ಭಾಗ) ಪಟ್ಟಿಗೆ ಒಂದು ಕ್ವೆರಿ, ನಂತರ ಪ್ರತಿ ಸಾಲಿಗೂ ಒಂದು, ಒಟ್ಟು 51 ಕ್ವೆರಿ ಕಳಿಸುತ್ತದೆ. ಒಂದಕ್ಕೆ 2 ಮಿಲಿಸೆಕೆಂಡ್ ಎಂದರೂ 102 ಮಿಲಿಸೆಕೆಂಡ್ ಡೇಟಾಬೇಸಿನಲ್ಲೇ ಹೋಯಿತು. ಮುಂದಿನ ವಾರ ಯಾರೋ ಪ್ರತಿ ಸಾಲಿಗೂ ವಸ್ತುಗಳ ಪಟ್ಟಿ ಸೇರಿಸುತ್ತಾರೆ, 101 ಕ್ವೆರಿ. ಲ್ಯಾಪ್‌ಟಾಪಿನಲ್ಲಿ ಇರುವುದು ಐದೇ ದಾಖಲೆ, ಆದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಜಾಂಗೋದಲ್ಲಿ ‘ಸೆಲೆಕ್ಟ್ ರಿಲೇಟೆಡ್’, ‘ಪ್ರಿಫೆಚ್ ರಿಲೇಟೆಡ್’, ರೈಲ್ಸ್‌ನಲ್ಲಿ ‘ಇನ್‌ಕ್ಲೂಡ್ಸ್’, ಲಾರಾವೆಲ್‌ನಲ್ಲಿ ‘ವಿತ್’ ಸೇರಿಸಿದರೆ ಇದು ಎರಡು ಮೂರು ಕ್ವೆರಿಗೆ ಇಳಿಯುತ್ತದೆ. ಲಾರಾವೆಲ್‌ನಲ್ಲಿ ‘ಪ್ರಿವೆಂಟ್ ಲೇಜಿ ಲೋಡಿಂಗ್’ ಹಾಕಿಟ್ಟರೆ ಇಂಥ ಕಡೆ ದೋಷವೇ ಬಂದು ನಿಲ್ಲುತ್ತದೆ. ರೈಲ್ಸ್‌ಗೆ ಬುಲೆಟ್, ಜಾಂಗೋಗೆ ಡಿಬಗ್ ಟೂಲ್‌ಬಾರ್ ಇವೆ. ಯಾವ ಫ್ರೇಮ್‌ವರ್ಕ್ ಇದನ್ನು ಬೇಗ ಕಣ್ಣಿಗೆ ಬೀಳಿಸುತ್ತದೆ ಎಂಬುದು ಸೆಕೆಂಡಿಗೆ ಎಷ್ಟು ರಿಕ್ವೆಸ್ಟ್ ಎಂಬ ಅಂಕಿಗಿಂತ ಉಪಯುಕ್ತ ಅಳತೆ.

ಬ್ರೌಸರಿನ ಕಡೆಗೆ ಗೂಗಲ್ ಇಟ್ಟಿರುವ ಗುರಿಗಳು ಗೊತ್ತಿರಲಿ: ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ ಪ್ರತಿಕ್ರಿಯೆ 200 ಮಿಲಿಸೆಕೆಂಡಿನೊಳಗೆ ಬರಬೇಕು, ಪುಟ ಅಲುಗಾಡುವ ಅಂಕ 0.1 ಮೀರಬಾರದು. ಸಾಧಾರಣ ಫೋನಿನಲ್ಲಿ ಎರಡನೆಯದು ಕೆಡುವುದು ಹೆಚ್ಚಾಗಿ ಜಾವಾಸ್ಕ್ರಿಪ್ಟ್ ಹೊರೆಯಿಂದ.

ಅಸಿಂಕ್ ಇಲ್ಲದಿದ್ದರೆ ಹಿಂದೆ ಬೀಳುತ್ತೇವಾ?

ಹೊರಗಿನ ಎಪಿಐಗಳಿಗೆ ಕಾಯುವ ಕೆಲಸವೇ ಹೆಚ್ಚಿದ್ದರೆ, ವೆಬ್‌ಸಾಕೆಟ್‌ನಲ್ಲಿ (ಸದಾ ತೆರೆದಿರುವ ಸಂಪರ್ಕ) ಸಾವಿರಾರು ಜನ ಒಟ್ಟಿಗೆ ಜೋಡಿಸಿಕೊಂಡಿದ್ದರೆ ಬೇಕು. ಉಳಿದಂತೆ ಬೇಡ. ಫಾಸ್ಟ್‌ಎಪಿಐನಲ್ಲಿ ಪದೇ ಪದೇ ಆಗುವ ತಪ್ಪೊಂದಿದೆ: ‘ಅಸಿಂಕ್ ಡೆಫ್’ ಎಂದು ಬರೆದು ಒಳಗೆ ಸಾಮಾನ್ಯ, ತಡೆದು ನಿಲ್ಲಿಸುವ ಡೇಟಾಬೇಸ್ ಕರೆ ಹಾಕುವುದು. ಆ ಒಂದು ಕರೆ ಮುಗಿಯುವವರೆಗೆ ಆ ಪ್ರೋಸೆಸ್ಸಿನ ಎಲ್ಲ ರಿಕ್ವೆಸ್ಟುಗಳೂ ನಿಂತುಬಿಡುತ್ತವೆ. ಬರೀ ‘ಡೆಫ್’ ಎಂದಿದ್ದರೆ ಅದು ಥ್ರೆಡ್ ಪೂಲಿನಲ್ಲಿ (ಒಟ್ಟಿಗೇ ಓಡಬಲ್ಲ ದಾರಿಗಳ ಗುಂಪು) ಓಡುತ್ತದೆ, ಸುಮ್ಮನೆ ಬಿಟ್ಟರೆ 40 ಥ್ರೆಡ್ ಇರುತ್ತವೆ, ಅವು ತುಂಬುವವರೆಗೆ ಏನೂ ನಿಲ್ಲುವುದಿಲ್ಲ. ವೇಗಕ್ಕೆಂದು ಸೇರಿಸಿದ ಒಂದು ಪದವೇ ನಿಧಾನಕ್ಕೆ ಕಾರಣವಾಗುವುದು ಹೀಗೆ.

ಯಾವ ಫ್ರೇಮ್‌ವರ್ಕ್ ಐದು ವರ್ಷ ಉಳಿಯುತ್ತದೆ ಎಂದು ಹೇಗೆ ತಿಳಿಯುವುದು?

ಗಿಟ್‌ಹಬ್ ನಕ್ಷತ್ರಗಳನ್ನು ಎಣಿಸಬೇಡಿ. ಬೆಂಬಲದ ಕ್ಯಾಲೆಂಡರ್ ತೆರೆದು ನೋಡಿ. ಜಾಂಗೋ ಸುಮಾರು ಎಂಟು ತಿಂಗಳಿಗೊಂದು ಆವೃತ್ತಿ ತರುತ್ತದೆ, ‘.2’ ಎಂದು ಮುಗಿಯುವುದು ದೀರ್ಘ ಬೆಂಬಲದ್ದು. ಏಪ್ರಿಲ್ 2025ರಲ್ಲಿ ಬಂದ 5.2ಕ್ಕೆ ಏಪ್ರಿಲ್ 2028ರವರೆಗೆ ಭದ್ರತಾ ತಿದ್ದುಪಡಿ ಸಿಗುತ್ತದೆ. ಲಾರಾವೆಲ್ ವರ್ಷಕ್ಕೊಂದು ಆವೃತ್ತಿ. ದೋಷ ತಿದ್ದುವುದು 18 ತಿಂಗಳು, ಭದ್ರತೆ 2 ವರ್ಷ. ಆ್ಯಂಗ್ಯುಲರ್‌ನ ಒಂದು ಆವೃತ್ತಿಗೆ ಒಟ್ಟು 18 ತಿಂಗಳು. ಈ ಅಂಕಿಗಳನ್ನು ನಿಮ್ಮ ತಂಡದ ಅಭ್ಯಾಸದ ಪಕ್ಕದಲ್ಲಿಡಿ. ಒಮ್ಮೆ ಕೊಟ್ಟು ಹೋದ ಮೇಲೆ ವರ್ಷಗಟ್ಟಲೆ ಯಾರೂ ಮುಟ್ಟದ ಪ್ರಾಜೆಕ್ಟಿಗೆ ಮೂರು ವರ್ಷದ ಬೆಂಬಲವೇ ಬೇಕು.

ಕ್ಯಾಲೆಂಡರ್ ಆದ ಮೇಲೆ ಚರಿತ್ರೆ. ಮೊದಲ ಆ್ಯಂಗ್ಯುಲರ್‌ಜೆಎಸ್‌ನಿಂದ 2016ರ ಆ್ಯಂಗ್ಯುಲರ್ 2ಕ್ಕೆ ಬರುವುದೆಂದರೆ ಹೆಚ್ಚುಕಡಿಮೆ ಮತ್ತೆ ಬರೆಯುವುದೇ ಆಗಿತ್ತು. ವ್ಯೂ 3 ಬಂದದ್ದು ಸೆಪ್ಟೆಂಬರ್ 2020ರಲ್ಲಿ, ವ್ಯೂ 2ರ ಬೆಂಬಲ ನಿಂತದ್ದು 2023ರ ಡಿಸೆಂಬರ್ 31ಕ್ಕೆ. ನಡುವೆ ಮೂರು ವರ್ಷ ಸಿಕ್ಕರೂ, ಬಳಸುತ್ತಿದ್ದ ಕಾಂಪೊನೆಂಟ್ ಲೈಬ್ರರಿ ತಡಮಾಡಿದ್ದರಿಂದ ಸಿಕ್ಕಿಬಿದ್ದ ತಂಡಗಳಿವೆ. ನವೆಂಬರ್ 2022ರ ಸ್ಪ್ರಿಂಗ್ ಬೂಟ್ 3 ಕನಿಷ್ಠ ಜಾವಾ 17 ಕೇಳಿತು, ಜೊತೆಗೆ ‘ಜಾವಾಎಕ್ಸ್’ ಎಂದು ಶುರುವಾಗುತ್ತಿದ್ದ ಹಲವು ಪ್ಯಾಕೇಜುಗಳ ಹೆಸರು ‘ಜಕಾರ್ತಾ’ ಆಯಿತು. ಹುಡುಕಿ ಬದಲಿಸುವುದು ಸುಲಭ. ಹಳೆ ಹೆಸರಿನಲ್ಲೇ ನಿಂತ ಹೊರಗಿನ ಲೈಬ್ರರಿಯೊಂದು ಸಾಕು ಇಡೀ ಅಪ್‌ಗ್ರೇಡ್ ನಿಲ್ಲಿಸಲು. ಆದ್ದರಿಂದ ಫ್ರೇಮ್‌ವರ್ಕ್ ಜೊತೆ ನೀವು ಸೇರಿಸಲಿರುವ ಮೊದಲ ಹತ್ತು ಪ್ಯಾಕೇಜುಗಳನ್ನೂ ಪಟ್ಟಿ ಮಾಡಿ, ಪ್ರತಿಯೊಂದೂ ಈಗಿನ ಆವೃತ್ತಿಗೆ ಹೊಂದುತ್ತದೆಯೇ, ಕೊನೆಯ ಬಿಡುಗಡೆ ಯಾವಾಗ ಎಂದು ನೋಡಿ. ಒಬ್ಬರೇ ನೋಡಿಕೊಳ್ಳುತ್ತಿರುವ ಪ್ಯಾಕೇಜಿನ ಮೇಲೆ ಲಾಗಿನ್ ನಿಂತಿದ್ದರೆ ಬೇರೆ ದಾರಿ ಹುಡುಕಿ.

ಒಳ್ಳೆಯ ಫ್ರೇಮ್‌ವರ್ಕ್ ಆದರೆ ಭದ್ರತೆ ತಾನಾಗಿ ಬರುತ್ತದೆ ಅಲ್ಲವೇ?

ಅರ್ಧ ಬರುತ್ತದೆ. ಎಸ್‌ಕ್ಯೂಎಲ್ ಇಂಜೆಕ್ಷನ್ (ಫಾರ್ಮ್ ಮೂಲಕ ಡೇಟಾಬೇಸಿಗೆ ಕಳ್ಳ ಆದೇಶ ನುಗ್ಗಿಸುವುದು), ಸಿಎಸ್‌ಆರ್‌ಎಫ್, ಟೆಂಪ್ಲೇಟಿನಲ್ಲಿ ಸ್ಕ್ರಿಪ್ಟ್ ನುಗ್ಗುವುದು ಇವನ್ನು ಜಾಂಗೋ, ರೈಲ್ಸ್, ಲಾರಾವೆಲ್ ಮೊದಲಿಂದಲೇ ತಡೆಯುತ್ತವೆ. ‘ಈ ದಾಖಲೆ ಈ ವ್ಯಕ್ತಿಗೆ ಸೇರಿದ್ದೇ’ ಎಂಬ ಪ್ರಶ್ನೆ ಮಾತ್ರ ಯಾವ ಫ್ರೇಮ್‌ವರ್ಕಿಗೂ ಗೊತ್ತಿರುವುದಿಲ್ಲ. ವಿಳಾಸದಲ್ಲಿ 41 ಇದ್ದದ್ದನ್ನು 42 ಎಂದು ತಿದ್ದಿದರೆ ಬೇರೆಯವರ ಬಿಲ್ ತೆರೆದುಕೊಳ್ಳುವ ತಪ್ಪು ಇವತ್ತಿಗೂ ಸಾಮಾನ್ಯ.

ಮಾರ್ಚ್ 2025ರಲ್ಲಿ ನೆಕ್ಸ್ಟ್ ಡಾಟ್ ಜೆಎಸ್‌ನಲ್ಲಿ ಹೊರಬಿದ್ದ ದೋಷವೂ ಇದೇ ಪಾಠ ಹೇಳುತ್ತದೆ. ಒಂದು ನಿರ್ದಿಷ್ಟ ಹೆಡರ್ ಸೇರಿಸಿ ಕಳಿಸಿದರೆ ಮಿಡಲ್‌ವೇರ್ (ಪುಟ ತಲುಪುವ ಮುಂಚೆ ರಿಕ್ವೆಸ್ಟನ್ನು ತಪಾಸಣೆ ಮಾಡುವ ಕೋಡ್) ಓಡದೇ ರಿಕ್ವೆಸ್ಟ್ ಒಳಗೆ ಹೋಗುತ್ತಿತ್ತು. ಅನುಮತಿಯನ್ನು ಮಿಡಲ್‌ವೇರಿನಲ್ಲಿ ಮಾತ್ರ ನೋಡುತ್ತಿದ್ದವರ ಬಾಗಿಲು ತೆರೆದಿತ್ತು. ಡೇಟಾ ತೆಗೆಯುವ ಜಾಗದಲ್ಲೂ ನೋಡುತ್ತಿದ್ದವರು ಉಳಿದರು.

ತೀರ್ಮಾನಕ್ಕೆ ಮುಂಚೆ ಪರೀಕ್ಷಿಸುವುದು ಹೇಗೆ?

ಎರಡೇ ಫ್ರೇಮ್‌ವರ್ಕ್ ಇಟ್ಟುಕೊಳ್ಳಿ, ಒಂದೊಂದಕ್ಕೆ ಮೂರು ದಿನ. ಟುಡು ಪಟ್ಟಿ ಕಟ್ಟಬೇಡಿ, ಅದು ಎಲ್ಲದರಲ್ಲೂ ಚೆನ್ನಾಗಿಯೇ ಬರುತ್ತದೆ. ನಿಮ್ಮ ಪ್ರಾಜೆಕ್ಟಿನ ಅತಿ ಕಷ್ಟದ ಒಂದು ಪರದೆ ಆರಿಸಿ.

1. ಮೊದಲ ದಿನ ಲಾಗಿನ್, ಎರಡು ಬಗೆಯ ಬಳಕೆದಾರರು, ಒಬ್ಬರ ದಾಖಲೆ ಇನ್ನೊಬ್ಬರಿಗೆ ಕಾಣದಂತೆ ನಿಯಮ, ಅದಕ್ಕೊಂದು ಟೆಸ್ಟ್.
2. ಡೇಟಾಬೇಸಿಗೆ 1 ಲಕ್ಷ ಸುಳ್ಳು ದಾಖಲೆ ತುಂಬಿ. ಪಟ್ಟಿ, ಹುಡುಕಾಟ, ಪುಟ ವಿಂಗಡಣೆ ಮಾಡಿ, ಎಷ್ಟು ಕ್ವೆರಿ ಹೋಗುತ್ತಿದೆ ಎಂದು ಎಣಿಸಿ.
3. ‘ಪೂರ್ಣ ಹೆಸರು’ ಎಂಬ ಕಾಲಂ ಅನ್ನು ಎರಡಾಗಿ ಒಡೆಯುವ ಮೈಗ್ರೇಶನ್ ಬರೆಯಿರಿ, ಇರುವ ಡೇಟಾ ಸಮೇತ. ಹಿಂದಕ್ಕೂ ಓಡಿಸಿ.
4. ಇಮೇಲ್ ಕಳಿಸುವ ಹಿನ್ನೆಲೆ ಕೆಲಸವನ್ನು ಬೇಕೆಂದೇ ಕೆಡಿಸಿ. ಮತ್ತೆ ಪ್ರಯತ್ನಿಸುತ್ತದೆಯೇ, ವಿಫಲವಾದದ್ದು ಎಲ್ಲಿ ಕಾಣುತ್ತದೆ?
5. ನಿಜವಾದ ಸರ್ವರಿಗೆ ಹಾಕಿ. ಮೂರನೇ ದಿನ ಪೂರ್ತಿ ಇದಕ್ಕೇ ಹೋದರೂ ಆಶ್ಚರ್ಯವಿಲ್ಲ.

ಕೋಡ್ ಬರೆಯದ ಸಹೋದ್ಯೋಗಿಯೊಬ್ಬರಿಗೆ ಅದನ್ನು ತೋರಿಸಿ, ಒಂದು ಸಣ್ಣ ಬದಲಾವಣೆ ಮಾಡಲು ಹೇಳಿ ಎನ್ನುವವರಿದ್ದಾರೆ. ಅದಕ್ಕಿಂತ ಈ ಪರೀಕ್ಷೆಯಲ್ಲಿ ಭಾಗವಹಿಸದ ಡೆವಲಪರ್ ಒಬ್ಬರಿಗೆ ಕೊಟ್ಟು, ಅರ್ಧ ದಿನದಲ್ಲಿ ಒಂದು ಫೀಲ್ಡ್ ಸೇರಿಸಲು ಆಗುತ್ತದೆಯೇ ನೋಡುವುದು ಹೆಚ್ಚು ತಿಳಿಸುತ್ತದೆ.

ಆರಿಸಿಯಾಯಿತು. ಮೊದಲ ದಿನವೇ ಸರಿಮಾಡಿಕೊಳ್ಳಬೇಕಾದ್ದು ಏನು?

ನಂತರ ಬದಲಿಸಲು ತುಂಬಾ ಕಷ್ಟವಾಗುವವು ಮಾತ್ರ. ಜಾಂಗೋ ಆದರೆ ಮೊದಲ ‘ಮೈಗ್ರೇಟ್’ ಓಡಿಸುವ ಮುಂಚೆಯೇ ನಿಮ್ಮದೇ ಯೂಸರ್ ಮಾಡೆಲ್ ಇಡಿ, ಒಳಗೆ ಏನೂ ಬರೆಯದೆ ಖಾಲಿ ಬಿಟ್ಟರೂ ಸರಿ. ಆರು ತಿಂಗಳ ಮೇಲೆ ಬದಲಿಸಹೊರಟರೆ ಯೂಸರ್ ಟೇಬಲಿಗೆ ಜೋಡಿಸಿದ ಫಾರಿನ್ ಕೀಗಳನ್ನೆಲ್ಲ ಕೈಯಾರೆ ತಿದ್ದಬೇಕಾಗುತ್ತದೆ. ಸಮಯವನ್ನು ಯುಟಿಸಿಯಲ್ಲೇ ಉಳಿಸಿ, ತೋರಿಸುವಾಗ ಮಾತ್ರ ಬದಲಿಸಿ. ಹಣಕ್ಕೆ ಡೆಸಿಮಲ್ ಬಳಸಿ; ಫ್ಲೋಟ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ, ಸಾವಿರ ಸಾಲಿನ ವರದಿಯಲ್ಲಿ ಲೆಕ್ಕ ತಾಳೆಯಾಗುವುದಿಲ್ಲ. ಲಾಕ್ ಕಡತವನ್ನು (ಪ್ಯಾಕೇಜುಗಳ ನಿಖರ ಆವೃತ್ತಿಗಳ ಪಟ್ಟಿ) ಗಿಟ್‌ಗೆ ಸೇರಿಸಿ, ಸರ್ವರಿನಲ್ಲಿ ‘ಎನ್‌ಪಿಎಂ ಇನ್‌ಸ್ಟಾಲ್’ ಬದಲು ‘ಎನ್‌ಪಿಎಂ ಸಿಐ’ ಓಡಿಸಿ.

ಲ್ಯಾಪ್‌ಟಾಪಿನಲ್ಲಿ ಒಂದು ಡೇಟಾಬೇಸ್ (ಎಸ್‌ಕ್ಯೂಲೈಟ್), ಸರ್ವರಿನಲ್ಲಿ ಇನ್ನೊಂದು (ಪೋಸ್ಟ್‌ಗ್ರೆಸ್) ಇಡಬೇಡಿ. ಎಸ್‌ಕ್ಯೂಲೈಟ್‌ನಲ್ಲಿ ಹುಡುಕಲು ಬಳಸುವ ‘ಲೈಕ್’ ಇಂಗ್ಲಿಷ್ ಅಕ್ಷರಗಳಲ್ಲಿ ಚಿಕ್ಕದು ದೊಡ್ಡದು ಎಂಬ ಭೇದ ಮಾಡುವುದಿಲ್ಲ, ಪೋಸ್ಟ್‌ಗ್ರೆಸ್ ಮಾಡುತ್ತದೆ. ಟೆಸ್ಟ್‌ನಲ್ಲಿ ಸಿಕ್ಕ ಹೆಸರು ಸರ್ವರಿನಲ್ಲಿ ಸಿಗುವುದಿಲ್ಲ.

ಹೋಸ್ಟಿಂಗ್ ನೋಡಿ ಫ್ರೇಮ್‌ವರ್ಕ್ ಆರಿಸಬೇಕೇ?

ಮೆಮೊರಿ ಲೆಕ್ಕ ಹಾಕುವಷ್ಟಾದರೂ ನೋಡಿ. ಪೈಥಾನ್ ಆ್ಯಪ್‌ಗಳನ್ನು ಓಡಿಸುವ ಗುನಿಕಾರ್ನ್ ಸರ್ವರಿನ ಕೈಪಿಡಿ ಹೇಳುವ ಆರಂಭದ ಲೆಕ್ಕ: ಕೋರ್‌ಗಳ ಎರಡರಷ್ಟು, ಅದಕ್ಕೆ ಒಂದು ಸೇರಿಸಿ. 4 ಕೋರ್ ಇದ್ದರೆ 9 ವರ್ಕರ್ (ರಿಕ್ವೆಸ್ಟುಗಳಿಗೆ ಉತ್ತರಿಸುವ ಪ್ರೋಸೆಸ್). ಒಂದೊಂದು 120 ಎಂಬಿ ತಿಂದರೆ 1 ಜಿಬಿ ದಾಟಿತು. ಡೇಟಾಬೇಸ್ ಕೂಡ ಅಲ್ಲೇ ಇದ್ದರೆ 2 ಜಿಬಿ ಯಂತ್ರ ಉಸಿರುಗಟ್ಟುತ್ತದೆ.

ಸರ್ವರ್‌ಲೆಸ್ (ರಿಕ್ವೆಸ್ಟ್ ಬಂದಾಗಷ್ಟೇ ಕೋಡ್ ಏಳುವ ಹೋಸ್ಟಿಂಗ್) ಹಾದಿ ಹಿಡಿಯುವವರಿಗೆ ಬೇರೆ ತೊಡಕು. ದಟ್ಟಣೆ ಬಂದಾಗ ನೂರಾರು ಪ್ರತಿಗಳು ಏಳುತ್ತವೆ, ಪ್ರತಿಯೊಂದೂ ಡೇಟಾಬೇಸಿಗೆ ಸಂಪರ್ಕ ಕೇಳುತ್ತದೆ. ಪೋಸ್ಟ್‌ಗ್ರೆಸ್‌ನ ಮೂಲ ಸೆಟ್ಟಿಂಗಿನಲ್ಲಿ ಗರಿಷ್ಠ ಸಂಪರ್ಕ 100. ನಡುವೆ ಪಿಜಿಬೌನ್ಸರ್‌ನಂಥ ಪೂಲರ್ (ಸಂಪರ್ಕಗಳನ್ನು ಹಂಚಿ ಬಳಸುವ ಮಧ್ಯವರ್ತಿ) ಇಲ್ಲದಿದ್ದರೆ, ಸೈಟಿಗೆ ಜನ ಬಂದ ದಿನವೇ ಅದು ಬೀಳುತ್ತದೆ.

ಎಐ ಸಹಾಯಕಗಳು ಕೋಡ್ ಬರೆಯುವಾಗ ಯಾವ ಫ್ರೇಮ್‌ವರ್ಕ್ ಆದರೇನು?

ಹೆಚ್ಚು ಜನ ಬಳಸುವ, ಒಂದೇ ರೂಢಿ ಇರುವ ಫ್ರೇಮ್‌ವರ್ಕಿನಲ್ಲಿ ಅವು ಚೆನ್ನಾಗಿ ಬರೆಯುತ್ತವೆ. ಈಚೆಗೆ ಶೈಲಿ ಬದಲಾದವುಗಳಲ್ಲಿ ಹಳತು ಹೊಸತು ಕಲಸುತ್ತವೆ: ನೆಕ್ಸ್ಟ್‌ನ ಪೇಜಸ್ ರೂಟರ್ ಕ್ರಮ ಆ್ಯಪ್ ರೂಟರ್ ಒಳಗೆ, ಸ್ವೆಲ್ಟ್ 4ರ ಬರವಣಿಗೆ 5ರ ಪ್ರಾಜೆಕ್ಟಿನಲ್ಲಿ. ಕೇಳುವಾಗ ಆವೃತ್ತಿ ಸಂಖ್ಯೆ ಹೇಳಿ. ಅವು ಸೂಚಿಸಿದ ಪ್ಯಾಕೇಜ್ ನಿಜವಾಗಿ ಇದೆಯೇ ಎಂದು ನೋಡದೆ ಹಾಕಿಕೊಳ್ಳಬೇಡಿ.

ಲೈಸೆನ್ಸ್ ತೊಂದರೆ ಏನಾದರೂ?

ಇಲ್ಲ ಎನ್ನಬಹುದು. ರೈಲ್ಸ್, ಲಾರಾವೆಲ್, ರಿಯಾಕ್ಟ್, ವ್ಯೂ ಎಂಐಟಿ, ಜಾಂಗೋ ಬಿಎಸ್‌ಡಿ, ಸ್ಪ್ರಿಂಗ್ ಅಪಾಚೆ 2.0. ಹಣ ಕೊಟ್ಟು ಕೊಳ್ಳುವ ಕಾಂಪೊನೆಂಟ್, ಥೀಮ್‌ಗಳ ಷರತ್ತು ಮಾತ್ರ ಓದಿಕೊಳ್ಳಿ.

ತಪ್ಪು ಆಯ್ಕೆ ಎಂದು ಮಧ್ಯದಲ್ಲಿ ಗೊತ್ತಾದರೆ?

ಎಲ್ಲ ನಿಲ್ಲಿಸಿ ಮತ್ತೆ ಬರೆಯುವ ದಾರಿಗೆ ಹೋಗಬೇಡಿ. ಹೊಸದು ಮುಗಿಯುವವರೆಗೆ ಹಳೆಯದಕ್ಕೂ ಬದಲಾವಣೆ ಕೇಳುತ್ತಲೇ ಇರುತ್ತಾರೆ. ಎರಡರ ಮುಂದೆಯೂ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ನಿಲ್ಲಿಸಿ, ವಿಳಾಸದ ಮೊದಲ ಭಾಗ ನೋಡಿ ಹಂಚಿ. ‘/ವರದಿ’ ಹೊಸದಕ್ಕೆ, ಉಳಿದದ್ದು ಹಳೆಯದಕ್ಕೆ. ಕಡಿಮೆ ಜನ ಬಳಸುವ, ಓದುವ ಕೆಲಸವಷ್ಟೇ ಇರುವ ಪರದೆಗಳಿಂದ ಶುರುಮಾಡಿ.

ಸಿಕ್ಕು ಬೀಳುವುದು ಎರಡು ಕಡೆ. ಒಂದು, ಸೆಷನ್: ಒಂದರ ಕುಕಿಯನ್ನು ಇನ್ನೊಂದು ಓದಲಾರದು. ಲಾಗಿನ್ ಹಳೆಯದರಲ್ಲೇ ಇರಲಿ. ಹೊಸದು ಕುಕಿಯನ್ನು ಹಳೆಯದರ ಒಂದು ಆಂತರಿಕ ಎಪಿಐಗೆ ಕೊಟ್ಟು ಇವರು ಯಾರೆಂದು ಕೇಳಿಕೊಳ್ಳಲಿ. ಇನ್ನೊಂದು, ಮೈಗ್ರೇಶನ್: ಒಂದೇ ಟೇಬಲನ್ನು ಎರಡೂ ಕಡೆಯಿಂದ ಬದಲಿಸಲು ಬಿಟ್ಟರೆ ಒಂದು ಹಾಕಿದ ಕಾಲಂ ಅನ್ನು ಇನ್ನೊಂದು ಕಿತ್ತುಹಾಕುತ್ತದೆ. ಪ್ರತಿ ಟೇಬಲಿನ ರಚನೆಗೂ ಒಂದೇ ಕಡೆ ಒಡೆತನ ಕೊಟ್ಟು, ಇನ್ನೊಂದು ಕಡೆ ಆ ಮಾಡೆಲಿಗೆ ಮೈಗ್ರೇಶನ್ ಆಫ್ ಮಾಡಿಡಿ. ಜಾಂಗೋದಲ್ಲಿ ಅದಕ್ಕೆ ಮಾಡೆಲಿನ ಮೆಟಾದಲ್ಲಿ ‘ಮ್ಯಾನೇಜ್ಡ್’ ಅನ್ನು ‘ಫಾಲ್ಸ್’ ಮಾಡಿದರೆ ಸಾಕು.